ಪರೀಕ್ಷೆಗೆ ಕಂಡದ್ದು ಒಂದು, ಕಾಣದೇ ಉಳಿದದ್ದು ಇನ್ನೊಂದು: ಒಬ್ಬ ಮಾಜಿ ಸೈನಿಕರ ಬೆನ್ನುನೋವಿನ ಪ್ರಕರಣ

2025ರ ಯುಗಾದಿ ಭಾನುವಾರ ಬಂದಿತ್ತು, ಮಾರ್ಚ್ 30. ರಜೆ ಇದ್ದದ್ದರಿಂದ ಒಬ್ಬಟ್ಟಿನ ಜೊತೆ ಗಸಗಸೆ ಪಾಯಸವನ್ನೂ ಮಾಡಿದ್ದೆ. ಪಕ್ಕದ ಮನೆಗೆ ಒಂದು ಡಬ್ಬಿ ಕೊಟ್ಟು ಬಂದೆ. ಆ ಮನೆಯ ಯಜಮಾನರಿಗೆ ಅದು ತುಂಬಾ ಹಿಡಿಸಿತು. ಸೋಮವಾರ ರಾತ್ರಿಯೂ ಫ್ರಿಜ್‌ನಿಂದ ತೆಗೆದು ಬಿಸಿ ಮಾಡಿಕೊಂಡು ಕುಡಿದರಂತೆ. ಮಂಗಳವಾರ ಬೆಳಿಗ್ಗೆ ಅವರಿಗೆ ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಇತ್ತು. ಅದು ನನಗೆ ಗೊತ್ತಿರಲಿಲ್ಲ.

ಹತ್ತು ದಿನ ಕಳೆದ ಮೇಲೆ ಅವರ ಹೆಂಡತಿ ನಮ್ಮ ಬಾಗಿಲು ತಟ್ಟಿದರು. "ಡ್ರಗ್ ಟೆಸ್ಟ್ ಪಾಸಿಟಿವ್ ಬಂದಿದೆಯಂತೆ. ಫೋನ್ ಬಂದಾಗಿನಿಂದ ಒಂದು ಮಾತೂ ಆಡಿಲ್ಲ, ಗ್ಯಾರೇಜಿನಲ್ಲೇ ಕೂತಿದ್ದಾರೆ" ಅಂದರು. ನಾನು ಇಲ್ಲಿ ಟೆಕ್ಸಾಸ್‌ನಲ್ಲಿ ಫಾರ್ಮಸಿಸ್ಟ್. ಆ ಮಾತು ಕೇಳಿದ ತಕ್ಷಣ ನನ್ನ ಕೈಕಾಲು ತಣ್ಣಗಾಯಿತು. ನೆನಪಾದದ್ದು ನನ್ನ ಪಾಯಸ.

ಇದು ಸುಮ್ನೆ ಹುಟ್ಟಿದ ಭಯ ಅಲ್ಲ. ಗಸಗಸೆ ಬರುವುದು ಅಫೀಮಿನ ಗಿಡದಿಂದಲೇ. ಬೀಜದ ಮೇಲೆ ಕಾಯಿಯ ಹಾಲು ಸ್ವಲ್ಪ ಅಂಟಿಕೊಂಡಿರುತ್ತದೆ. ಅದರಲ್ಲಿ ಮಾರ್ಫಿನ್, ಕೊಡೀನ್ ಎರಡೂ ಇರುತ್ತವೆ. ತೊಳೆದು ಹುರಿದರೆ ಬಹಳಷ್ಟು ಹೋಗುತ್ತದೆ, ಪೂರ್ತಿ ಹೋಗುತ್ತದೆ ಅನ್ನುವಂತಿಲ್ಲ. ದುಬೈಗೆ ಹೋಗುವವರಿಗೆ ಬ್ಯಾಗಿನಲ್ಲಿ ಗಸಗಸೆ ಇಡಬೇಡಿ ಅಂತ ನಮ್ಮವರು ಹೇಳಿ ಕಳಿಸುವುದು ಇದೇ ಕಾರಣಕ್ಕೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನೌಕರರ ಪರೀಕ್ಷೆಯಲ್ಲಿ ಅಫೀಮು ಜಾತಿಯ ವಸ್ತುಗಳ ಮಿತಿ ಮೊದಲು ಒಂದು ಮಿಲಿಲೀಟರಿಗೆ 300 ನ್ಯಾನೋಗ್ರಾಂ ಇತ್ತು. ಗಸಗಸೆ ತಿಂದವರೂ ಸಿಕ್ಕಿಬೀಳುತ್ತಿದ್ದರು ಅಂತಲೇ 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು. ಆದರೆ ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ಹಳೆಯ 300ರ ಗೆರೆಯೇ ಇದೆ. 2023ರ ಫೆಬ್ರವರಿಯಲ್ಲಿ ಇಲ್ಲಿನ ರಕ್ಷಣಾ ಇಲಾಖೆ ಸೇವೆಯಲ್ಲಿರುವ ಸೈನಿಕರಿಗೆ ಗಸಗಸೆ ಹಾಕಿದ ತಿಂಡಿಯಿಂದ ದೂರ ಇರಿ ಅಂತ ಸೂಚನೆಯನ್ನೇ ಹೊರಡಿಸಿತು.

ಅಡುಗೆ ಒಲೆ ಆರಿಸಿ ಓಡಿದೆ. ಗ್ಯಾರೇಜಿನಲ್ಲಿ ಅವರು ಮಡಿಸುವ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ಬೆನ್ನು ಬಗ್ಗಿಸಿ ಕೂರಲು ಅವರಿಗೆ ಆಗುವುದಿಲ್ಲ. ನಾನು ಪಾಯಸದ ವಿಷಯ ಹೇಳಿ ಕ್ಷಮೆ ಕೇಳಿದೆ. ಅವರು ಮಾತಾಡದೆ ಫೋನನ್ನು ನನ್ನ ಕೈಗೆ ಕೊಟ್ಟರು. ವರದಿ ತೆರೆದೇ ಇತ್ತು. ಅಫೀಮು ಜಾತಿ: ನೆಗೆಟಿವ್. ಕೊಕೇನ್: ನೆಗೆಟಿವ್. ಗಾಂಜಾ: ಪಾಸಿಟಿವ್.

"ನಾನು ಜೀವನದಲ್ಲಿ ಗಾಂಜಾ ಮುಟ್ಟಿದವನಲ್ಲ" ಅಂದರು. ಗಂಟಲು ಕಟ್ಟಿತ್ತು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಸಾರ್ಜೆಂಟ್ ಅಂತ ಕರೆಯುತ್ತೇನೆ, ಬೀದಿಯಲ್ಲಿ ಎಲ್ಲರೂ ಹಾಗೇ ಕರೆಯುವುದು. ನಮ್ಮ ಮಕ್ಕಳಿಗೆ ಮಾತ್ರ ಅವರು ತಾತ. ವಯಸ್ಸು 60. 1983ರಲ್ಲಿ ಸೇನೆಗೆ ಸೇರಿದವರು, 2006ರಲ್ಲಿ ನಿವೃತ್ತರಾದರು. 2003ರಲ್ಲಿ ಇರಾಕ್‌ನಲ್ಲಿ ಅವರಿದ್ದ ಟ್ರಕ್ ಗುಂಡಿಗೆ ಬಿದ್ದು ಸೊಂಟದ ಡಿಸ್ಕ್ ಜಾರಿತು. ನೋವು ಎಡಗಾಲಿನವರೆಗೂ ಇಳಿಯುತ್ತದೆ. ಅದರ ಮೇಲೂ ಇನ್ನೊಂದು ಸಲ ಇರಾಕ್‌ಗೆ ಹೋಗಿ ಬಂದಿದ್ದಾರೆ.

ಅವರ ಭಯ ಅರ್ಥವಾಗಬೇಕಾದರೆ ಸೇನೆಯ ಮೂತ್ರ ಪರೀಕ್ಷೆಯ ಕಥೆ ಸ್ವಲ್ಪ ಗೊತ್ತಿರಬೇಕು. 1971ರಲ್ಲಿ ವಿಯೆಟ್ನಾಂನಿಂದ ವಾಪಸ್ ಬರುವ ಸೈನಿಕರಿಗೆ ಹೆರಾಯಿನ್ ಚಟ ಹತ್ತಿದೆ ಅಂತ ಸುದ್ದಿಯಾಗಿತ್ತು. ಆಗ ಅಧ್ಯಕ್ಷ ನಿಕ್ಸನ್ ಸರ್ಕಾರ, ಪರೀಕ್ಷೆ ಮಾಡದೆ ಯಾರನ್ನೂ ವಿಮಾನ ಹತ್ತಿಸಬೇಡಿ ಅಂತ ಆದೇಶ ಮಾಡಿತು. ಅದಕ್ಕೆ ಸೈನಿಕರು ಇಟ್ಟ ಹೆಸರು 'ಆಪರೇಷನ್ ಗೋಲ್ಡನ್ ಫ್ಲೋ'. 1981ರ ಮೇ ತಿಂಗಳಲ್ಲಿ ನಿಮಿಟ್ಜ್ ಎಂಬ ವಿಮಾನವಾಹಕ ಹಡಗಿನ ಮೇಲೆ ವಿಮಾನವೊಂದು ಅಪ್ಪಳಿಸಿ 14 ಜನ ಸತ್ತರು. ಸತ್ತವರಲ್ಲಿ ಕೆಲವರ ದೇಹದಲ್ಲಿ ಗಾಂಜಾದ ಗುರುತು ಸಿಕ್ಕಿತು. ಆಮೇಲೆ ಕಟ್ಟುನಿಟ್ಟು ಶುರುವಾಯಿತು. ಸಾರ್ಜೆಂಟ್ ಸೇರಿದ್ದು ಅದಾದ ಎರಡೇ ವರ್ಷಕ್ಕೆ. 23 ವರ್ಷ ಅವರಿಗೆ ಆ ಪ್ಲಾಸ್ಟಿಕ್ ಕಪ್ ಅಂದರೆ ಒಂದೇ ಅರ್ಥ. ಪಕ್ಕದಲ್ಲೊಬ್ಬ ನಿಂತು ನೋಡುತ್ತಿರುತ್ತಾನೆ, ಪಾಸಿಟಿವ್ ಬಂದರೆ ಮಾನ, ಕೆಲಸ, ಪಿಂಚಣಿ ಎಲ್ಲವೂ ಹೋದ ಹಾಗೇ.

ಮಾಜಿ ಸೈನಿಕರಿಗೆ ಚಿಕಿತ್ಸೆ ಕೊಡುವ ಇಲಾಖೆ ಬೇರೆ. ವೆಟರನ್ಸ್ ಅಫೇರ್ಸ್, ಎಲ್ಲರೂ ವಿಎ ಅನ್ನುತ್ತಾರೆ. ಅಲ್ಲಿ ಈ ಪರೀಕ್ಷೆ ಮಾಡುವುದು ಶಿಕ್ಷಿಸಲಿಕ್ಕೆ ಅಲ್ಲ. ಓಪಿಯಾಯ್ಡ್, ಅಂದರೆ ಮಾರ್ಫಿನ್ ತರಹದ ನೋವಿನ ಮಾತ್ರೆ ತೆಗೆದುಕೊಳ್ಳುವವರ ಜೀವಕ್ಕೆ ಅಪಾಯ ಆಗದಿರಲಿ ಅಂತ ಮಾಡುವುದು. ಗಾಂಜಾ ಪಾಸಿಟಿವ್ ಬಂತು ಅಂತ ವಿಎ ಚಿಕಿತ್ಸೆ ನಿಲ್ಲಿಸುವುದಿಲ್ಲ. ಗಾಂಜಾ ಬಳಕೆಯ ಬಗ್ಗೆ ವೈದ್ಯರ ಜೊತೆ ಮಾತಾಡಿದರೆ ಸೌಲಭ್ಯ ತಪ್ಪುವುದಿಲ್ಲ ಅಂತ 2017ರ ಡಿಸೆಂಬರ್‌ನಲ್ಲಿ ಇಲಾಖೆ ಲಿಖಿತ ನಿರ್ದೇಶನವನ್ನೇ ಹೊರಡಿಸಿದೆ. ವಿಎ ವೈದ್ಯರು ಗಾಂಜಾ ಬರೆದುಕೊಡುವಂತಿಲ್ಲ, ಅಷ್ಟೇ. ಇದನ್ನು ಸಾರ್ಜೆಂಟ್‌ಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಫೋನ್ ಮಾಡಿದವರು "ನಿಮ್ಮ ಡ್ರಗ್ ಸ್ಕ್ರೀನ್ ಪಾಸಿಟಿವ್, ಡಾಕ್ಟರ್ ಮಾತಾಡಬೇಕಂತೆ" ಅಂದರು, ಇಟ್ಟರು. ಕಪ್ ಅದೇ, ಪಟ್ಟಿ ಅದೇ, ಅರ್ಥ ಮಾತ್ರ ಬೇರೆ. ಆ ಬೇರೆ ಅರ್ಥವನ್ನು ಹೇಳುವುದು ಯಾರ ಕೆಲಸ ಅಂತ ನನಗೆ ಈಗಲೂ ಸಿಟ್ಟಿದೆ.

ಗಾಂಜಾದ ಗುಟ್ಟು ಅರ್ಧ ಗಂಟೆಯಲ್ಲಿ ಬಯಲಾಯಿತು. "ನಿದ್ದೆಗೆ ಏನಾದ್ರೂ ತಗೋತೀರಾ?" ಅಂತ ಕೇಳಿದೆ. ಹೆಂಡತಿ ಒಳಗಿನಿಂದ ಒಂದು ಪುಟ್ಟ ಬಾಟಲಿ ತಂದರು. ಸಿಬಿಡಿ ಎಣ್ಣೆ, 30 ಮಿಲಿಲೀಟರ್. ಸಿಬಿಡಿ ಅನ್ನುವುದು ಗಾಂಜಾ ಜಾತಿಯ ಗಿಡದ್ದೇ, ಆದರೆ ಮತ್ತೇರಿಸದ ವಸ್ತು. ಮಗಳು ತಂದುಕೊಟ್ಟದ್ದು. ಎರಡು ತಿಂಗಳಿಂದ ದಿನಾ ರಾತ್ರಿ ನಾಲಿಗೆ ಕೆಳಗೆ ಒಂದು ಡ್ರಾಪರ್. ಬಾಟಲಿಯ ಮೇಲೆ 'ಫುಲ್ ಸ್ಪೆಕ್ಟ್ರಮ್' ಅಂತ ದೊಡ್ಡದಾಗಿ ಬರೆದಿತ್ತು, ಅಂದರೆ ಗಿಡದ ಬೇರೆ ವಸ್ತುಗಳನ್ನೂ ತೆಗೆದುಹಾಕಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ 'ಟಿಎಚ್‌ಸಿ ಶೇ. 0.3ಕ್ಕಿಂತ ಕಡಿಮೆ'. ಟಿಎಚ್‌ಸಿ ಅಂದರೆ ಗಾಂಜಾದಲ್ಲಿ ಮತ್ತೇರಿಸುವ ವಸ್ತು, ಪರೀಕ್ಷೆ ಹುಡುಕುವುದೂ ಅದರ ಗುರುತನ್ನೇ.

ಈ 0.3 ಬಂದದ್ದು ಅಮೆರಿಕದ 2018ರ ಕೃಷಿ ಕಾಯ್ದೆ ಫಾರ್ಮ್ ಬಿಲ್‌ನಿಂದ. ಅಷ್ಟರೊಳಗಿದ್ದರೆ ಅದು ಆ ಕಾನೂನಿನ ಲೆಕ್ಕದಲ್ಲಿ ಗಾಂಜಾ ಅಲ್ಲ, ಹೆಂಪ್ ಎಂಬ ಬೆಳೆ. ಕೇಳಲು ಏನೂ ಅಲ್ಲ ಅನಿಸುತ್ತದೆ, ಅಲ್ವಾ? ಗ್ಯಾರೇಜಿನಲ್ಲೇ ಒಂದು ರಟ್ಟಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. 30 ಮಿಲಿಲೀಟರ್ ಎಣ್ಣೆ ಹತ್ತಿರ ಹತ್ತಿರ 28 ಗ್ರಾಂ ತೂಗುತ್ತದೆ. ಅದರ ಶೇ. 0.3 ಅಂದರೆ 84 ಮಿಲಿಗ್ರಾಂ. ಒಂದು ಡ್ರಾಪರ್ ಒಂದು ಮಿಲಿಲೀಟರ್ ಅಂತ ಹಿಡಿದರೂ ಸುಮಾರು 2.8 ಮಿಲಿಗ್ರಾಂ ಟಿಎಚ್‌ಸಿ. ಕೀಮೋ ತೆಗೆದುಕೊಳ್ಳುವವರಿಗೆ, ಹಸಿವೇ ಇಲ್ಲದ ರೋಗಿಗಳಿಗೆ ನಾವು ಕೊಡುವ ಡ್ರೊನಾಬಿನಾಲ್ ಅನ್ನುವುದು ಟಿಎಚ್‌ಸಿಯೇ. ಅದರ ಅತಿ ಸಣ್ಣ ಕ್ಯಾಪ್ಸೂಲ್ 2.5 ಮಿಲಿಗ್ರಾಂ. ಬಾಟಲಿ ಕಾನೂನಿನ ಗೆರೆಯ ಅಂಚಿನಲ್ಲಿದ್ದರೆ ಸಾರ್ಜೆಂಟ್ ದಿನಾ ರಾತ್ರಿ ಒಂದು ಔಷಧದ ಕ್ಯಾಪ್ಸೂಲಿನಷ್ಟು ಟಿಎಚ್‌ಸಿ ತೆಗೆದುಕೊಂಡ ಹಾಗಾಯಿತು. ಅದು ಕೊಬ್ಬಿನಲ್ಲಿ ಕೂತು ನಿಧಾನವಾಗಿ ಹೊರಬರುವ ವಸ್ತು, ದಿನ ಕಳೆದಂತೆ ಸೇರುತ್ತಾ ಹೋಗುತ್ತದೆ. ಪರೀಕ್ಷೆಯ ಸಾಮಾನ್ಯ ಮಿತಿ ಮಿಲಿಲೀಟರಿಗೆ 50 ನ್ಯಾನೋಗ್ರಾಂ.

ಇದೂ ಲೇಬಲ್ ನಿಜ ಹೇಳಿದರೆ ಮಾತ್ರ. 2017ರಲ್ಲಿ ಆನ್‌ಲೈನ್‌ನಲ್ಲಿ ಮಾರುವ 84 ಸಿಬಿಡಿ ಸರಕುಗಳನ್ನು ಪರೀಕ್ಷಿಸಿದ ಒಂದು ಅಧ್ಯಯನ ಪ್ರಕಟವಾಯಿತು. ಲೇಬಲ್ಲಿನಲ್ಲಿ ಬರೆದಷ್ಟೇ ಸಿಬಿಡಿ ಇದ್ದದ್ದು ಶೇ. 31ರಲ್ಲಿ. 18 ಬಾಟಲಿಗಳಲ್ಲಿ ಟಿಎಚ್‌ಸಿ ಸಿಕ್ಕಿತು.

ಅವತ್ತು ನಾವು ಮೂವರೂ ಸಮಾಧಾನದ ಉಸಿರು ಬಿಟ್ಟೆವು. ಬಾಟಲಿ ತೋರಿಸಿ ಡಾಕ್ಟರಿಗೆ ಹೇಳಿದರೆ ಮುಗಿಯಿತು ಅಂದೆ. ನಿಜವಾದ ಪ್ರಕರಣ ಅಲ್ಲಿಂದ ಶುರುವಾಗುತ್ತದೆ.

ಅವರು ನೀರು ಕುಡಿಯಲು ಒಳಗೆ ಕರೆದರು. ಅಡುಗೆಮನೆ ಕಟ್ಟೆಯ ಮೇಲೆ ಒಂದು ಜಿಪ್ ಚೀಲ ಇತ್ತು, ಒಂದು ಕಿಲೋದ್ದು, ಅರ್ಧ ಖಾಲಿ. ಹಸಿರು ಪುಡಿ, ಮೆಹಂದಿ ಪುಡಿಯ ಬಣ್ಣ. ಅದನ್ನು ನಾನು ಜನವರಿಯಲ್ಲೇ ನೋಡಿದ್ದೆ. ಯಾವುದೋ ಚಹಾ ಪುಡಿ ಇರಬೇಕು ಅಂದುಕೊಂಡು ಕೇಳಿರಲಿಲ್ಲ. ಔಷಧದ ಕೆಲಸ ಮಾಡುವ ನಾನೇ ಮೂರು ತಿಂಗಳು ಕೇಳಲಿಲ್ಲ ಅನ್ನುವುದು ನನ್ನನ್ನು ಈಗಲೂ ಚುಚ್ಚುತ್ತದೆ. ಅವತ್ತು ಕೇಳಿದೆ.

"ಕ್ರಾಟಮ್. ಬೆನ್ನಿಗೆ. ಗಿಡದ ಎಲೆ, ಏನೂ ಆಗಲ್ಲ" ಅಂದರು. ದಿನಕ್ಕೆ ಮೂರು ಸಲ, ಎರಡೆರಡು ಟೀ ಚಮಚ, ಕಿತ್ತಳೆ ರಸದಲ್ಲಿ ಕಲಕಿ ಒಂದೇ ಗುಟುಕಿಗೆ. ಬೇವಿಗಿಂತ ಕಹಿ. ಎರಡು ವರ್ಷದಿಂದ. ವಿಎ ವೈದ್ಯರಿಗೆ ಹೇಳಿದ್ದೀರಾ ಅಂದರೆ ಇಲ್ಲ. "ಅವರು ಕೇಳಲಿಲ್ಲ. ಪರೀಕ್ಷೆಯಲ್ಲೂ ಬರಲಿಲ್ಲ. ಬಂದಿದ್ದರೆ ಹೇಳ್ತಿದ್ದೆ."

ಕ್ರಾಟಮ್ ಕಾಫಿಯ ಕುಟುಂಬದ ಮರ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ಗಿಡದ ದೂರದ ನೆಂಟ ಅನ್ನಬಹುದು. ದಕ್ಷಿಣ ಥಾಯ್ಲೆಂಡ್, ಮಲೇಷ್ಯಾದಲ್ಲಿ ಬೆಳೆಯುತ್ತದೆ. ಅಲ್ಲಿನ ರಬ್ಬರ್ ತೋಟದ ಕೂಲಿಗಳು ನಮ್ಮಲ್ಲಿ ಎಲೆ ಅಡಿಕೆ ಹಾಕುವ ಹಾಗೆ ಹಸಿ ಎಲೆ ಅಗಿಯುತ್ತಾರೆ, ಬಿಸಿಲಲ್ಲಿ ದಣಿವು ಗೊತ್ತಾಗದಿರಲಿ ಅಂತ. ಥಾಯ್ಲೆಂಡ್ ಇದನ್ನು 1943ರಲ್ಲಿ ನಿಷೇಧಿಸಿತು, 2021ರಲ್ಲಿ ಮತ್ತೆ ಬಿಟ್ಟಿತು. ಎಲೆಯಲ್ಲಿರುವ ಮುಖ್ಯ ವಸ್ತು ಮಿಟ್ರಾಜಿನಿನ್. ಮೆದುಳಿನಲ್ಲಿ ಮಾರ್ಫಿನ್ ಹೋಗಿ ಕೂರುವ ಜಾಗದಲ್ಲೇ ಇದೂ ಹೋಗಿ ಕೂರುತ್ತದೆ. ಕಡಿಮೆ ತೆಗೆದುಕೊಂಡರೆ ಕಾಫಿಯಂತೆ ಚುರುಕು, ಜಾಸ್ತಿ ತೆಗೆದುಕೊಂಡರೆ ಮಾರ್ಫಿನ್‌ನಂತೆ ನೋವು ಮರೆಸಿ ಮಂಪರು.

ಸಾರ್ಜೆಂಟ್ ಇದಕ್ಕೆ ಬಂದದ್ದು ಚಟಕ್ಕಲ್ಲ. 2000ದ ದಶಕದಲ್ಲಿ ಅವರಿಗೆ ಸೇನೆಯ ವೈದ್ಯರೇ ಹೈಡ್ರೊಕೊಡೋನ್ ಎಂಬ ಓಪಿಯಾಯ್ಡ್ ಕೊಟ್ಟರು, ಆಮೇಲೆ ಆಕ್ಸಿಕೊಡೋನ್. ಕೈ ತುಂಬಾ ಕೊಟ್ಟರು. ಓಪಿಯಾಯ್ಡ್ ಸಾವುಗಳು ಏರಿದ ಮೇಲೆ 2013ರಲ್ಲಿ ವಿಎ ಓಪಿಯಾಯ್ಡ್ ಸುರಕ್ಷತಾ ಕಾರ್ಯಕ್ರಮ ಶುರು ಮಾಡಿತು. 2012ರಿಂದ 2020ರೊಳಗೆ ಓಪಿಯಾಯ್ಡ್ ಪಡೆಯುವ ಮಾಜಿ ಸೈನಿಕರ ಸಂಖ್ಯೆ ಶೇ. 64ರಷ್ಟು ಇಳಿಯಿತು. ಇಳಿಸಬೇಕಾಗಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಮಾತ್ರೆ ಇಳಿದರೆ ನೋವು ಇಳಿಯುತ್ತದೆಯೇ? ಸಾರ್ಜೆಂಟ್‌ಗೆ ಕೊನೆಗೆ ಉಳಿದದ್ದು ಟ್ರಮಡಾಲ್ ಎಂಬ ಸೌಮ್ಯ ಓಪಿಯಾಯ್ಡ್, 50 ಮಿಲಿಗ್ರಾಂ, ದಿನಕ್ಕೆ ಮೂರು. ಅದು ಏನೂ ಸಾಲುತ್ತಿರಲಿಲ್ಲ. ಇರಾಕ್‌ನಲ್ಲಿ ಜೊತೆಗಿದ್ದ ಗೆಳೆಯರೊಬ್ಬರು ಈ ಪುಡಿ ಹೇಳಿದರು.

ಹಾಗೆ ಬಂದವರು ಇವರೊಬ್ಬರೇ ಅಲ್ಲ. 2016ರ ಆಗಸ್ಟ್ ಕೊನೆಯಲ್ಲಿ ಇಲ್ಲಿನ ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎ, ಕ್ರಾಟಮ್ ಅನ್ನು ಹೆರಾಯಿನ್ ಇರುವ ಮೊದಲ ಪಟ್ಟಿಗೇ ಸೇರಿಸುತ್ತೇವೆ ಅಂತ ಪ್ರಕಟಿಸಿತು. ಜನ ಎದ್ದರು. ಶ್ವೇತಭವನದ ಮುಂದೆ ಸೇರಿದರು. ಅಕ್ಟೋಬರ್‌ನಲ್ಲಿ ಸಂಸ್ಥೆ ಆ ಪ್ರಕಟಣೆಯನ್ನು ವಾಪಸ್ ಪಡೆದು ಸಾರ್ವಜನಿಕರ ಅಭಿಪ್ರಾಯ ಕೇಳಿತು. 23,000ಕ್ಕೂ ಹೆಚ್ಚು ಪತ್ರಗಳು ಬಂದವು. ಬರೆದವರಲ್ಲಿ ಮಾಜಿ ಸೈನಿಕರೂ ಇದ್ದರು. ಅಲ್ಲಿಂದ ಇಲ್ಲಿಯವರೆಗೆ ಕೇಂದ್ರದ ನಿಷೇಧ ಇಲ್ಲ, ಔಷಧ ಅಂತ ಒಪ್ಪಿಗೆಯೂ ಇಲ್ಲ. ಕೆಲವು ರಾಜ್ಯಗಳಲ್ಲಿ ಇಟ್ಟುಕೊಂಡರೆ ಅಪರಾಧ. ಟೆಕ್ಸಾಸ್‌ನಲ್ಲಿ ಪೆಟ್ರೋಲ್ ಬಂಕಿನ ಕೌಂಟರಿನಲ್ಲೇ ಸಿಗುತ್ತದೆ.

ಇನ್ನು ಪರೀಕ್ಷೆಗೆ ಅದು ಏಕೆ ಕಾಣಲಿಲ್ಲ ಅನ್ನುವುದು. ಕ್ಲಿನಿಕ್‌ನಲ್ಲಿ ಮೊದಲು ಮಾಡುವುದು ಇಮ್ಯುನೊಅಸ್ಸೇ. ಮದುವೆ ಛತ್ರದ ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸಿ, ಕೈಗೆ ನಾಲ್ಕೈದು ಫೋಟೊ ಕೊಟ್ಟು, "ಈ ಮುಖದವರು ಬಂದರೆ ಹೇಳು" ಅಂದ ಹಾಗೆ. ಅಫೀಮು ಜಾತಿಯ ಪಟ್ಟಿಯ ಕೈಯಲ್ಲಿರುವುದು ಮಾರ್ಫಿನ್‌ನ ಫೋಟೊ. ಮಿಟ್ರಾಜಿನಿನ್ ಮಾಡುವ ಕೆಲಸ ಮಾರ್ಫಿನ್ ತರಹದ್ದೇ ಆದರೂ ಮುಖ ಪೂರ್ತಿ ಬೇರೆ. ಬಾಗಿಲಲ್ಲಿ ನಿಂತವನ ಮುಂದೆಯೇ ಆರಾಮಾಗಿ ಒಳಗೆ ಹೋಗುತ್ತದೆ. ಇನ್ನೂ ಒಂದು ಮಾತು: ವೈದ್ಯರೇ ಬರೆದುಕೊಟ್ಟ ಟ್ರಮಡಾಲ್ ಕೂಡ ಆ ಪಟ್ಟಿಗೆ ಕಾಣುವುದಿಲ್ಲ, ಫೆಂಟನಿಲ್ ಕೂಡ ಕಾಣುವುದಿಲ್ಲ. ಎರಡಕ್ಕೂ ಬೇರೆ ಪರೀಕ್ಷೆ ಬೇಕು. ಕ್ರಾಟಮ್ ಹಿಡಿಯಲು ಸಾಮಾನ್ಯವಾಗಿ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ದೊಡ್ಡ ಯಂತ್ರ ಬೇಕು. ಅದಕ್ಕೂ ಮಿಟ್ರಾಜಿನಿನ್ ಹುಡುಕು ಅಂತ ಹೇಳಿಯೇ ಕಳಿಸಬೇಕು.

ಹೀಗಾಗಿ ನಿದ್ದೆಗೆಂದು ಹಾಕಿಕೊಂಡ ಎಣ್ಣೆಯ ಚೂರು ಟಿಎಚ್‌ಸಿ ಸಿಕ್ಕಿಬಿತ್ತು. ದಿನಕ್ಕೆ 15 ಗ್ರಾಂನಷ್ಟು ಓಪಿಯಾಯ್ಡ್ ಸ್ವಭಾವದ ಪುಡಿ ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ನೆಗೆಟಿವ್ ನೋಡಿದ ವೈದ್ಯರು ಎಲ್ಲ ಸರಿಯಿದೆ ಅಂದುಕೊಂಡರು. ಸಾರ್ಜೆಂಟ್ ಕೂಡ ಹಾಗೇ ಅಂದುಕೊಂಡರು: ಪರೀಕ್ಷೆಗೇ ಬರದ ಮೇಲೆ ಅದು ಡ್ರಗ್ ಹೇಗಾಗುತ್ತದೆ?

ಈ ಮಧ್ಯೆ ಇನ್ನೊಂದು ಬೆಳವಣಿಗೆ ಆಗಿತ್ತು, ಅದನ್ನು ಅವರು ನನ್ನಿಂದಲೂ ಮುಚ್ಚಿಟ್ಟಿದ್ದರು. ಪುಡಿ ಸಾಲದೆ ಅಂಗಡಿಯವನು ಸಣ್ಣ ಮಾತ್ರೆ ಕೊಟ್ಟಿದ್ದ. '7-ಒಎಚ್' ಅಂತ ಹೆಸರು. 7-ಹೈಡ್ರಾಕ್ಸಿ ಮಿಟ್ರಾಜಿನಿನ್. ಎಲೆಯಲ್ಲಿ ಇದು ಲವಲೇಶ ಇರುತ್ತದೆ. ಮಾತ್ರೆಯಲ್ಲಿ ಅದನ್ನೇ ಸಾಂದ್ರ ಮಾಡಿ ತುಂಬಿರುತ್ತಾರೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಇದು ಮಾರ್ಫಿನ್‌ಗಿಂತ ಜೋರು. ಅದನ್ನು ಗಿಡಮೂಲಿಕೆ ಅನ್ನುವುದು ಕಬ್ಬಿನ ಹಾಲು, ಸಾರಾಯಿ ಎರಡೂ ಒಂದೇ ಅಂದ ಹಾಗೆ. ಏಪ್ರಿಲ್ ಕೊನೆಯ ಒಂದು ರಾತ್ರಿ ಮಾತ್ರೆ ಮುಗಿದಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಹೆಂಡತಿ ಫೋನ್ ಮಾಡಿದರು. ಹೋಗಿ ನೋಡಿದರೆ ಸಾರ್ಜೆಂಟ್ ಸೋಫಾದಲ್ಲಿ ಕೂತಿದ್ದರು. ಅಂಗಿ ಬೆವರಿಗೆ ಒದ್ದೆ, ಮೂಗು ಸೋರುತ್ತಿತ್ತು, ಕಾಲು ಒಂದು ಕ್ಷಣ ನಿಲ್ಲುತ್ತಿರಲಿಲ್ಲ. ನನಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ. ಮಾರ್ಫಿನ್ ಬಿಟ್ಟವರು ಹೀಗೇ ಇರುತ್ತಾರೆ.

ಅವತ್ತು ಅವರು ಎಲ್ಲ ಹೇಳಿದರು. "ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಆಸ್ಪತ್ರೆಗೆ ಒಯ್ಯೋಣ, ನಾನೂ ಬರ್ತೀನಿ" ಅಂದೆ. ಅವರು ಒಪ್ಪಲು ಎರಡು ದಿನ ತೆಗೆದುಕೊಂಡರು. ಅಂಗವೈಕಲ್ಯದ ಪರಿಹಾರ ನಿಂತರೆ ಮನೆಯ ಕಂತು ಹೇಗೆ ಕಟ್ಟುವುದು ಅನ್ನುವುದೇ ಅವರ ಯೋಚನೆ. ಹಿಂದೆ ವಿಎದಲ್ಲಿ ಓಪಿಯಾಯ್ಡ್ ರೋಗಿಗಳಿಂದ ಒಪ್ಪಂದ ಪತ್ರ ಬರೆಸಿಕೊಳ್ಳುತ್ತಿದ್ದರು, ಅದು ಅವರ ತಲೆಯಲ್ಲಿ ಉಳಿದಿತ್ತು. 2014ರಲ್ಲೇ ಅದನ್ನು ಕೈಬಿಟ್ಟು ತಿಳಿವಳಿಕೆಯ ಸಮ್ಮತಿ ಪತ್ರ ತಂದಿದ್ದಾರೆ ಅಂತ ಹೇಳಿದೆ. ಅವರ ಮುಖದಲ್ಲಿ ನಂಬಿಕೆ ಕಾಣಲಿಲ್ಲ, ಆದರೂ ಹೊರಟರು.

ಅಲ್ಲಿ ಸಿಕ್ಕ ಕ್ಲಿನಿಕಲ್ ಫಾರ್ಮಸಿಸ್ಟ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಚೀಲವನ್ನು ಮೇಜಿನ ಮೇಲೆ ಸುರಿದು ಒಂದೊಂದನ್ನೇ ಕೈಗೆತ್ತಿಕೊಂಡರು. ಟ್ರಮಡಾಲ್, ದುಃಸ್ವಪ್ನಕ್ಕೆ ಕೊಟ್ಟ ಪ್ರಾಜೊಸಿನ್, ಎಣ್ಣೆ ಬಾಟಲಿ, ಹಸಿರು ಪುಡಿ, ಮಾತ್ರೆಯ ಖಾಲಿ ಪೊಟ್ಟಣ. ಒಂದಕ್ಕೂ ಹುಬ್ಬು ಗಂಟಿಕ್ಕಲಿಲ್ಲ. "ಇದರಿಂದ ನಿಮಗೆ ಏನು ಉಪಯೋಗ ಆಗ್ತಿತ್ತು?" ಅಂತ ಮೊದಲು ಕೇಳಿದರು. ಸಾರ್ಜೆಂಟ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊಮ್ಮಗನನ್ನು ಎತ್ತಿಕೊಳ್ಳೋಕೆ ಆಗ್ತಿತ್ತು" ಅಂದರು.

ಆಮೇಲೆ ಆಕೆ ಏಪ್ರಿಲ್‌ನ ಅದೇ ವರದಿಯ ಎರಡನೇ ಪುಟ ತೆರೆದರು. ಗಾಂಜಾ ಖಚಿತಪಡಿಸಲು ಯಂತ್ರಕ್ಕೆ ಕಳಿಸಿದಾಗ ಟ್ರಮಡಾಲ್ ಕೂಡ ಅಳೆದಿದ್ದರು. ಟ್ರಮಡಾಲ್ ಬೇಕಾದಷ್ಟಿತ್ತು. ಅದು ದೇಹದಲ್ಲಿ ಬದಲಾಗಿ ಆಗಬೇಕಾದ ವಸ್ತು ಬಹಳ ಕಡಿಮೆ ಇತ್ತು. ಆ ಸಾಲನ್ನು ನಾನು ಗ್ಯಾರೇಜಿನಲ್ಲಿ ನೋಡಿಯೂ ನೋಡಿರಲಿಲ್ಲ.

ಅದರ ಅರ್ಥ ಇಷ್ಟು. ಟ್ರಮಡಾಲ್ ನುಂಗಿದ ಹಾಗೇ ಇದ್ದರೆ ದುರ್ಬಲ ಔಷಧ. ಲಿವರ್‌ನಲ್ಲಿ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಬದಲಾಯಿಸಿದ ಮೇಲೇ ಗಟ್ಟಿಯಾಗಿ ನೋವು ಕಳೆಯುವುದು. ಯುರೋಪ್ ಮೂಲದವರಲ್ಲಿ ಶೇ. 5ರಿಂದ 10 ಜನರಿಗೆ ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡುವುದಿಲ್ಲ. ಸಾರ್ಜೆಂಟ್‌ಗೆ ಜೀನ್ ಪರೀಕ್ಷೆ ಮಾಡಿಸಿದರು. ಕಿಣ್ವ ಸರಿಯಾಗಿಯೇ ಇತ್ತು. ಹಾಗಾದರೆ ಅದನ್ನು ಕಟ್ಟಿಹಾಕಿದ್ದು ಯಾವುದು? ಮಿಟ್ರಾಜಿನಿನ್ ಈ ಕಿಣ್ವವನ್ನು ಬಲವಾಗಿ ತಡೆಯುತ್ತದೆ. ಪ್ರಯೋಗಾಲಯದಲ್ಲೂ ಆರೋಗ್ಯವಂತ ಸ್ವಯಂಸೇವಕರಲ್ಲೂ ಇದನ್ನು ತೋರಿಸಿದ್ದಾರೆ.

ಅಂದರೆ ಅವರು ನೋವಿಗೆಂದು ಕುಡಿಯುತ್ತಿದ್ದ ಪುಡಿಯೇ ನೋವಿನ ಮಾತ್ರೆಯನ್ನು ಕೆಲಸ ಮಾಡಲು ಬಿಡುತ್ತಿರಲಿಲ್ಲ. ಮಾತ್ರೆ ನಾಟುತ್ತಿಲ್ಲ ಅಂತ ಪುಡಿ ಏರಿಸಿದರು. ಪುಡಿ ಏರಿದಷ್ಟೂ ಮಾತ್ರೆ ಸೋತಿತು. ಬದಲಾಗದೆ ಉಳಿದ ಟ್ರಮಡಾಲ್ ಸುಮ್ಮನೂ ಇರುವುದಿಲ್ಲ, ಜಾಸ್ತಿಯಾದರೆ ಫಿಟ್ಸ್ ಬರುವ ಅಪಾಯ ಇದೆ. ಸಾರ್ಜೆಂಟ್ ಕಾರು ಓಡಿಸುವವರು, ಮೊಮ್ಮಗನನ್ನು ಶಾಲೆಯಿಂದ ಕರೆತರುವವರು. ಫಿಟ್ಸ್ ಬರಲಿಲ್ಲ. ಅದು ನಮ್ಮ ಪುಣ್ಯ.

ಇಲ್ಲಿ ವೈದ್ಯರು ಎಡವಬಹುದಾಗಿದ್ದ ಜಾಗವೂ ಒಂದಿತ್ತು. ಇವರು ನಿಯಮ ಮೀರಿದ್ದಾರೆ ಅಂತ ಅವತ್ತೇ ಎಲ್ಲ ನಿಲ್ಲಿಸಿಬಿಡುವುದು. ಹಾಗೆ ಮಾಡುವ ಕ್ಲಿನಿಕ್‌ಗಳು ಇವೆ. ಓಪಿಯಾಯ್ಡ್ ಅನ್ನು ಒಮ್ಮೆಲೇ ನಿಲ್ಲಿಸಬೇಡಿ ಅಂತ ಔಷಧ ಇಲಾಖೆ ಎಫ್‌ಡಿಎ 2019ರಲ್ಲೇ ಎಚ್ಚರಿಸಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 14 ಲಕ್ಷ ವಿಎ ರೋಗಿಗಳ ದಾಖಲೆ ನೋಡಿತು. ಓಪಿಯಾಯ್ಡ್ ನಿಲ್ಲಿಸಿದ ಮೇಲೆ ಮಿತಿಮೀರಿದ ಸೇವನೆ ಅಥವಾ ಆತ್ಮಹತ್ಯೆಯಿಂದ ಸಾಯುವ ಅಪಾಯ ಏರಿತ್ತು, ಅದೂ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಇನ್ನೂ ಜಾಸ್ತಿ. ಗ್ಯಾರೇಜಿನಲ್ಲಿ ಒಬ್ಬರೇ ಕೂತಿದ್ದ ಸಾರ್ಜೆಂಟ್ ನೆನಪಾದರೆ ಆ ಅಂಕಿ ನನಗೆ ಬರೀ ಅಂಕಿ ಅನಿಸುವುದಿಲ್ಲ.

ಈ ಆಸ್ಪತ್ರೆ ಹಾಗೆ ಮಾಡಲಿಲ್ಲ. ಮಿಟ್ರಾಜಿನಿನ್‌ಗೆ ಪ್ರತ್ಯೇಕ ಪರೀಕ್ಷೆ ಕಳಿಸಿದರು. ಬಂತು, ಜೋರಾಗಿಯೇ ಬಂತು. ಟ್ರಮಡಾಲ್ ನಿಲ್ಲಿಸಿ ಬುಪ್ರೆನಾರ್ಫಿನ್ ಎಂಬ ಇನ್ನೊಂದು ಓಪಿಯಾಯ್ಡ್ ಶುರು ಮಾಡಿದರು. ದಿನಾ ಓಪಿಯಾಯ್ಡ್ ಬೇಕಾಗುವವರಿಗೆ ವಿಎ ಮತ್ತು ರಕ್ಷಣಾ ಇಲಾಖೆಯ 2022ರ ಮಾರ್ಗಸೂಚಿ ಹೇಳುವುದೂ ಇದನ್ನೇ. ಉಸಿರು ನಿಲ್ಲಿಸುವ ಅಪಾಯ ಇದರಲ್ಲಿ ಕಡಿಮೆ, ಬಿಡುವಾಗಿನ ಸಂಕಟವನ್ನೂ ತಡೆಯುತ್ತದೆ. ಓಪಿಯಾಯ್ಡ್ ಜಾಸ್ತಿಯಾಗಿ ಉಸಿರು ನಿಲ್ಲುವ ಹಾಗಾದರೆ ಜೀವ ಉಳಿಸುವ ನಲಾಕ್ಸೋನ್ ಮೂಗಿನ ಸ್ಪ್ರೇಯನ್ನು ಮನೆಗೆ ಕೊಟ್ಟರು, ದುಡ್ಡಿಲ್ಲದೆ. ಅದನ್ನು ಹೇಗೆ ಹಾಕುವುದು ಅಂತ ಹೆಂಡತಿಗೆ ತೋರಿಸಿದರು. ಗಾಂಜಾ ಪಾಸಿಟಿವ್ ಬಗ್ಗೆ ಕಡತದಲ್ಲಿ ಒಂದೇ ಸಾಲು: ಸಿಬಿಡಿ ಎಣ್ಣೆಯಿಂದ ಇರಬಹುದು, ರೋಗಿಯ ಜೊತೆ ಮಾತಾಡಲಾಗಿದೆ. ಪರಿಹಾರದ ಹಣಕ್ಕೆ ಏನೂ ಆಗಲಿಲ್ಲ.

ದಾರಿ ಸಲೀಸಾಗಿರಲಿಲ್ಲ. ಜೂನ್‌ನಲ್ಲಿ ಒಂದು ವಾರ ಮತ್ತೆ ಪುಡಿಗೆ ಹೋದರು. ತಾವೇ ಫೋನ್ ಮಾಡಿ ಕ್ಲಿನಿಕ್‌ಗೆ ಹೇಳಿದರು. ಜುಲೈ 29ರಂದು ಎಫ್‌ಡಿಎ, 7-ಒಎಚ್ ಅನ್ನು ನಿಯಂತ್ರಿತ ಮಾದಕವಸ್ತುಗಳ ಪಟ್ಟಿಗೆ ಸೇರಿಸಬೇಕು ಅಂತ ಶಿಫಾರಸು ಮಾಡಿತು. ಎಲೆಯನ್ನಲ್ಲ, ಸಾಂದ್ರ ಮಾಡಿದ್ದನ್ನು ಮಾತ್ರ. ಆ ಸುದ್ದಿಯನ್ನು ಸಾರ್ಜೆಂಟ್ ನನಗೆ ತೋರಿಸಿ, "ಇದನ್ನು ನನಗೆ ಚಾಕೊಲೇಟ್ ಪಕ್ಕದಲ್ಲಿಟ್ಟು ಮಾರಿದರು" ಅಂದರು. ಈಗ ತಿಂಗಳಿಗೊಮ್ಮೆ ಕಿವಿಗೆ ಸೂಜಿ ಚುಚ್ಚಿಸಿಕೊಂಡು ಬರುತ್ತಾರೆ. ಬ್ಯಾಟಲ್‌ಫೀಲ್ಡ್ ಅಕ್ಯುಪಂಕ್ಚರ್ ಅಂತ, ವಾಯುಪಡೆಯ ವೈದ್ಯರೊಬ್ಬರು ರೂಪಿಸಿದ್ದು. ಒಂದೊಂದು ಕಿವಿಗೆ ಐದು ಸಣ್ಣ ಸೂಜಿ. ಅವರಿಗೆ ಎರಡು ದಿನ ಹಗುರವಾಗುತ್ತದೆ. ನೋವು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ.

ನಮ್ಮವರ ಮನೆಗಳ ಬಗ್ಗೆಯೂ ಒಂದು ಮಾತು. ಊರಿನಿಂದ ಬರುವ ಅಪ್ಪ ಅಮ್ಮಂದಿರ ಸೂಟ್‌ಕೇಸಿನಲ್ಲಿ ಕಷಾಯದ ಪುಡಿ, ಮಂಡಿನೋವಿನ ಗುಳಿಗೆ, ಹೆಸರಿಲ್ಲದ ಎಣ್ಣೆ ಇದ್ದೇ ಇರುತ್ತದೆ. "ಯಾವ ಔಷಧಿ ತಗೋತೀರಿ?" ಅಂತ ಕೇಳಿದರೆ ಬಿಪಿ ಮಾತ್ರೆ ಮಾತ್ರ ಹೇಳುತ್ತಾರೆ. ಸುಳ್ಳು ಹೇಳಬೇಕು ಅಂತಲ್ಲ. ಕಷಾಯ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಹಾಗಾಗಿ ನಾನೀಗ ಕೌಂಟರಿನಲ್ಲಿ ಪ್ರಶ್ನೆ ಬದಲಾಯಿಸಿದ್ದೇನೆ: "ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಊಟ ತಿಂಡಿ ಬಿಟ್ಟು ಬಾಯಿಗೆ ಇನ್ನೇನು ಹಾಕಿಕೊಳ್ತೀರಿ?" ಉತ್ತರ ಉದ್ದ ಬರುತ್ತದೆ. ಸಾಲಿನಲ್ಲಿ ಹಿಂದೆ ನಿಂತವರು ಕಾಯಬೇಕಾಗುತ್ತದೆ. ಕಾಯಲಿ.

ದೀಪಾವಳಿಗೆ ಚಕ್ಕುಲಿ ಕೊಡಲು ಹೋದಾಗ ಸಾರ್ಜೆಂಟರ ಫ್ರಿಜ್ ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದು ಕಂಡಿತು. ಆಸ್ಪತ್ರೆಗೆ ಒಯ್ಯುವ ಪಟ್ಟಿ, ಅವರದೇ ದಪ್ಪ ಅಕ್ಷರ. ಬುಪ್ರೆನಾರ್ಫಿನ್, ಎಷ್ಟು, ಯಾವಾಗ. ಪ್ರಾಜೊಸಿನ್. ನಲಾಕ್ಸೋನ್, ಮೇಲಿನ ಡ್ರಾಯರ್. ಸಿಬಿಡಿ ಎಣ್ಣೆ, ನಿಲ್ಲಿಸಿದ ದಿನಾಂಕ. ಕ್ರಾಟಮ್, ನಿಲ್ಲಿಸಿದ ದಿನಾಂಕ, ಅದರ ಕೆಳಗೆ ಜೂನ್‌ನ ಆ ವಾರ, ಮತ್ತೆ ನಿಲ್ಲಿಸಿದ ದಿನಾಂಕ. ಕೊನೆಯ ಸಾಲಿನಲ್ಲಿ ಬರೆದಿದ್ದರು: ಗಸಗಸೆ ಪಾಯಸ, ಪಕ್ಕದ ಮನೆ, ಮಾರ್ಚ್ 30 ಮತ್ತು 31, ಎರಡು ಬಟ್ಟಲು.